ಒಂದೇ ಟಿಕೆಟ್ಟಿನಲ್ಲಿ ದೂರದ ಪಯಣ: ಹೊರಡುವ ಮುನ್ನ ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಮ್ಮ ಮನೆಗಳಿಂದ ಮಕ್ಕಳು ಪರದೇಶಕ್ಕೆ ಹೊರಡುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ನರ್ಸಿಂಗ್ ಕಲಿತ ಹೆಣ್ಣುಮಗಳು ಕೊಲ್ಲಿಯ ಆಸ್ಪತ್ರೆಗೆ ಹೋಗುತ್ತಾಳೆ. ಇಂಜಿನಿಯರಿಂಗ್ ಮುಗಿಸಿದ ಮಗ ಜರ್ಮನಿಗೆ ಓದಲು ತೆರಳುತ್ತಾನೆ. ಸಭೆಗೆ ಸೇರಿದ ಧರ್ಮಭಗಿನಿಯೊಬ್ಬರು ಯುರೋಪಿನ ಮಠಕ್ಕೆ ವರ್ಗವಾಗುತ್ತಾರೆ. ಮಗಳ ಬಾಣಂತನಕ್ಕೆಂದು ತಾಯಿ ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಏರುತ್ತಾಳೆ. ಇಂತಹ ಪ್ರಯಾಣದ ಸಿದ್ಧತೆಯಲ್ಲಿ ಪಾಸ್‌ಪೋರ್ಟು, ವೀಸಾ, ಹಣದ ಹೊಂದಾಣಿಕೆ ಇವುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಟಿಕೆಟ್ಟನ್ನು ಹೇಗೆ ಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ‘ಯಾವುದು ಅಗ್ಗ’ ಎಂಬ ಒಂದೇ ಮಾತಿನಲ್ಲಿ ತೀರ್ಮಾನವಾಗಿಬಿಡುತ್ತದೆ. ಆ ಒಂದು ಮಾತು ಕೆಲವೊಮ್ಮೆ ಬಹಳ ದುಬಾರಿಯಾಗಬಲ್ಲದು ಎಂಬುದನ್ನು ಈ ವಾರ ಓದುಗರ ಗಮನಕ್ಕೆ ತರಬಯಸುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ನಿಲ್ದಾಣವಿಲ್ಲ. ಸಮೀಪದ ನಿಲ್ದಾಣಗಳೆಂದರೆ ಹುಬ್ಬಳ್ಳಿ ಮತ್ತು ಬೆಳಗಾವಿ. ಅಲ್ಲಿಂದ ಹಾರುವುದು ದೇಶದೊಳಗಿನ ವಿಮಾನಗಳು ಮಾತ್ರ. ಆದುದರಿಂದ ನಮ್ಮವರು ಬೆಂಗಳೂರು, ಮುಂಬಯಿ, ಹೈದರಾಬಾದ್ ಅಥವಾ ದೆಹಲಿಯಲ್ಲಿ ಒಮ್ಮೆ ವಿಮಾನ ಬದಲಿಸಬೇಕು. ಯುರೋಪ್, ಅಮೆರಿಕಗಳಿಗೆ ಹೋಗುವವರು ದೋಹಾ, ದುಬೈ, ಫ್ರಾಂಕ್‌ಫರ್ಟ್‌ನಂತಹ ಊರಿನಲ್ಲಿ ಮತ್ತೊಮ್ಮೆ ಬದಲಿಸಬೇಕಾಗುತ್ತದೆ. ಎರಡು ಮೂರು ಕಂಪನಿಗಳ ವಿಮಾನಗಳು ಸೇರಿದರೆ ಮಾತ್ರ ಒಂದು ಪ್ರಯಾಣ ಪೂರ್ಣಗೊಳ್ಳುತ್ತದೆ. ಈ ಕೊಂಡಿಗಳನ್ನು ಜೋಡಿಸುವ ಹೊಣೆ ಯಾರದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಒಂದೇ ಟಿಕೆಟ್ ಎಂದರೇನು?

ನಮ್ಮ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. ಗದಗ–ಸೊಲ್ಲಾಪುರ ಮಾರ್ಗ ಬ್ರಾಡ್ ಗೇಜ್ ಆಗುವ ಮೊದಲು ಬಾದಾಮಿಯಿಂದ ಮುಂಬಯಿಗೆ ಹೊರಟವರು ಹೋಟಗಿ–ಸೊಲ್ಲಾಪುರದ ಕಡೆ ಸಣ್ಣ ಗಾಡಿಯಿಂದಿಳಿದು ದೊಡ್ಡ ಗಾಡಿ ಹತ್ತುತ್ತಿದ್ದರು. ಗಾಡಿ ಎರಡಾದರೂ ಟಿಕೆಟ್ಟು ಒಂದೇ. ವಿಮಾನಯಾನದಲ್ಲಿಯೂ ಇದೇ ತತ್ವ ನಡೆಯುತ್ತದೆ. 1945ರಲ್ಲಿ ಹವಾನಾ ನಗರದಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಸ್ಥೆ, ಅಂದರೆ ಐಎಟಿಎ, ಒಂದು ಕಂಪನಿ ಕೊಟ್ಟ ಟಿಕೆಟ್ಟನ್ನು ಇನ್ನೊಂದು ಕಂಪನಿ ಮಾನ್ಯ ಮಾಡುವ ವ್ಯವಸ್ಥೆಯನ್ನು ಬೆಳೆಸಿತು. ಇದಕ್ಕೆ ‘ಇಂಟರ್‌ಲೈನ್’ ಎಂದು ಹೆಸರು. ಒಂದು ಕಂಪನಿ ತನ್ನ ಹೆಸರು ಹಾಗೂ ಸಂಖ್ಯೆಯಲ್ಲಿ ಇನ್ನೊಂದು ಕಂಪನಿಯ ವಿಮಾನದ ಆಸನ ಮಾರುವುದಕ್ಕೆ ‘ಕೋಡ್‌ಶೇರ್’ ಎನ್ನುತ್ತಾರೆ. ಹಲವು ಕಂಪನಿಗಳು ಕೂಡಿ ಕಟ್ಟಿಕೊಂಡ ಕೂಟಗಳೂ ಇವೆ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದವು. ನಮ್ಮ ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು.

ಇಳಕಲ್ಲಿನ ನೇಕಾರ ಬಂಧುಗಳು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಅದು ಒಂದು ಸೀರೆ. ಕೊಂಡಿ ಹಾಕದೆ ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಸೀರೆ ಆಗುವುದಿಲ್ಲ. ಅಂತೆಯೇ ಒಂದೇ ದಿನದ ಎರಡು ಟಿಕೆಟ್ಟುಗಳನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಅದು ಒಂದು ಪ್ರಯಾಣವಾಗುವುದಿಲ್ಲ.

ನಮ್ಮ ಸೀಮೆಯ ಅನುಭವ

ಉತ್ತರ ಕರ್ನಾಟಕದಲ್ಲಿ ಸಾಮಾನ್ಯ ಜನರು ವಿಮಾನ ಏರಲು ಅವಕಾಶ ಮಾಡಿಕೊಟ್ಟದ್ದು ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. 2003ರ ಆಗಸ್ಟ್‌ನಲ್ಲಿ ಆ ಕಂಪನಿ ಬೆಂಗಳೂರು–ಹುಬ್ಬಳ್ಳಿ ನಡುವಣ ಹಾರಾಟದಿಂದಲೇ ತನ್ನ ಸೇವೆ ಆರಂಭಿಸಿತು. ಅಗ್ಗದ ದರ ಸಾಧ್ಯವಾಗಬೇಕಾದರೆ ಕಂಪನಿಯು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವುದಷ್ಟನ್ನೇ ಮಾಡಬೇಕು. ಬೇರೆ ಕಂಪನಿಯ ವಿಮಾನಕ್ಕೆ ಪ್ರಯಾಣಿಕರನ್ನೂ ಸಾಮಾನನ್ನೂ ಒಪ್ಪಿಸುವ ಖರ್ಚಿನ ಗೊಡವೆ ಅದಕ್ಕೆ ಬೇಡ. ಆ ಕಾರಣ ಅಗ್ಗದ ವಿಮಾನ ಹುಬ್ಬಳ್ಳಿಗೆ ಬಂದರೂ ಹುಬ್ಬಳ್ಳಿಯಿಂದ ಹೊರದೇಶಕ್ಕೆ ಒಂದೇ ಟಿಕೆಟ್ಟು ಅದರೊಂದಿಗೆ ಬರಲಿಲ್ಲ. ಎರಡು ಟಿಕೆಟ್ಟು ಕೊಳ್ಳುವ ರೂಢಿ ನಮ್ಮಲ್ಲಿ ಬೇರೂರಲು ಇದೂ ಒಂದು ಕಾರಣವೆನ್ನಬಹುದು.

ಈಗ ಪರಿಸ್ಥಿತಿ ತುಸು ಬದಲಾಗಿದೆ. 2018ರಿಂದೀಚೆಗೆ ಇಂಡಿಗೋ ಕಂಪನಿಯು ಹೊರದೇಶದ ಕಂಪನಿಗಳೊಂದಿಗೆ ಕೋಡ್‌ಶೇರ್ ಒಪ್ಪಂದಗಳನ್ನು ಮಾಡಿಕೊಳ್ಳತೊಡಗಿತು. 2019ರಲ್ಲಿ ಕತಾರ್ ಏರ್‌ವೇಸ್, 2021ರಲ್ಲಿ ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಜೊತೆ ಒಪ್ಪಂದವಾಯಿತು. ಆದರೆ ಎರಡು ಕಂಪನಿಗಳ ನಡುವೆ ಒಪ್ಪಂದವಿದೆ ಎಂದ ಮಾತ್ರಕ್ಕೆ ಎಲ್ಲ ಊರುಗಳೂ ಅದರಲ್ಲಿ ಸೇರಿವೆ ಎಂದು ಭಾವಿಸಲಾಗದು. ತಮ್ಮ ದಿನಾಂಕಕ್ಕೆ ಹುಬ್ಬಳ್ಳಿ ಅಥವಾ ಬೆಳಗಾವಿಯಿಂದಲೇ ಒಂದೇ ಟಿಕೆಟ್ಟು ದೊರೆಯುವುದೇ ಎಂದು ಪ್ರತಿ ಸಲವೂ ವಿಚಾರಿಸಬೇಕು.

ಎರಡು ಟಿಕೆಟ್ಟಿನ ಅಪಾಯ

ಒಂದು ಉದಾಹರಣೆ ನೋಡೋಣ. ಹುನಗುಂದದ ಹುಡುಗಿಯೊಬ್ಬಳು ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಹುಬ್ಬಳ್ಳಿಯಿಂದ ಮುಂಬಯಿಗೆ ಒಂದು ಟಿಕೆಟ್, ಮುಂಬಯಿಯಿಂದ ಮುಂದಕ್ಕೆ ಇನ್ನೊಂದು ಕಂಪನಿಯ ಟಿಕೆಟ್. ಹೀಗೆ ಕೊಂಡದ್ದರಿಂದ ಕೆಲವು ಸಾವಿರ ರೂಪಾಯಿ ಉಳಿಯಿತು. ಆ ದಿನ ಮೊದಲ ವಿಮಾನ ಮೂರು ತಾಸು ತಡವಾಯಿತು ಎಂದುಕೊಳ್ಳಿ. ಅವಳು ಮುಂಬಯಿ ತಲುಪುವಷ್ಟರಲ್ಲಿ ಎರಡನೆಯ ವಿಮಾನ ಹಾರಿಹೋಗಿದೆ. ಮೊದಲ ಕಂಪನಿ ‘ನಿಮ್ಮನ್ನು ಮುಂಬಯಿಗೆ ತಲುಪಿಸಿದ್ದೇವೆ, ನಮ್ಮ ಕೆಲಸ ಮುಗಿಯಿತು’ ಎನ್ನುತ್ತದೆ. ಎರಡನೆಯ ಕಂಪನಿ ‘ನೀವು ಹೊತ್ತಿಗೆ ಬರಲಿಲ್ಲ, ಟಿಕೆಟ್ಟು ಮುಗಿಯಿತು’ ಎನ್ನುತ್ತದೆ. ಎರಡೂ ಮಾತುಗಳು ನಿಯಮದ ಪ್ರಕಾರ ಸರಿಯೇ. ನಡುವೆ ನಿಂತ ಹುಡುಗಿ ಆ ರಾತ್ರಿಯ ದರದಲ್ಲಿ ಹೊಸ ಟಿಕೆಟ್ಟು ಕೊಳ್ಳಬೇಕು. ತಂದೆ ಸಾಲ ತಂದು ಕೂಡಿಸಿದ ಹಣ ಅಲ್ಲಿಗೇ ಕರಗುತ್ತದೆ.

ಅದೇ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ಅವಳನ್ನು ಕೊನೆಯ ಊರಿಗೆ ಮುಟ್ಟಿಸುವ ಹೊಣೆ ಕಂಪನಿಗಳದಾಗುತ್ತದೆ. ಮುಂದಿನ ವಿಮಾನದಲ್ಲಿ ಬೇರೆ ಹಣವಿಲ್ಲದೆ ಆಸನ ಕೊಡಬೇಕಾಗುತ್ತದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವೂ ವಿಮಾನ ರದ್ದಾದಾಗ ಮುಂದಿನ ವಿಮಾನ ತಪ್ಪಿಸಿಕೊಂಡವರ ಪರಿಹಾರದ ಬಗ್ಗೆ ಹೇಳುವಾಗ, ಆ ಮುಂದಿನ ವಿಮಾನ ‘ಒಂದೇ ಟಿಕೆಟ್ ಸಂಖ್ಯೆ’ಯಲ್ಲಿ ಕಾಯ್ದಿರಿಸಿದ್ದಾಗಿರಬೇಕು ಎಂದೇ ಹೇಳುತ್ತದೆ.

ಯುರೋಪಿನಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಫೋಲ್ಕೆರ್ಟ್ಸ್ ಎಂಬ ಮಹಿಳೆ ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪಾವ್ಲೊ ಮಾರ್ಗವಾಗಿ ಪರಾಗ್ವೆಯ ಅಸುನ್ಸಿಯೋನ್‌ಗೆ ಒಂದೇ ಬುಕಿಂಗ್‌ನಲ್ಲಿ ಹೊರಟಿದ್ದರು. ಮೊದಲ ವಿಮಾನ ಸುಮಾರು ಎರಡೂವರೆ ತಾಸು ತಡವಾಯಿತು, ಮುಂದಿನವು ತಪ್ಪಿದವು, ಅವರು 11 ತಾಸು ತಡವಾಗಿ ಊರು ಸೇರಿದರು. ತಡವನ್ನು ಕೊನೆಯ ಊರಿನಲ್ಲಿ ಅಳೆಯಬೇಕೇ ಹೊರತು ಮೊದಲ ನಿಲ್ದಾಣದಲ್ಲಲ್ಲ ಎಂದು ಐರೋಪ್ಯ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಯುರೋಪಿನಿಂದ ಹೊರಡುವ ನಮ್ಮ ಮಕ್ಕಳಿಗೂ ಈ ರಕ್ಷಣೆ ಉಂಟು.

ತಡಕ್ಕಿಂತ ದೊಡ್ಡ ಪೆಟ್ಟು ರದ್ದತಿಯದು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ವಿಮಾನಗಳು ದೇಶದಾದ್ಯಂತ ಸಾವಿರಗಟ್ಟಲೆ ರದ್ದಾದುದನ್ನು ಓದುಗರು ಮರೆತಿರಲಾರರು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ವಧೂವರರೇ ಬಂದು ಮುಟ್ಟಲಾಗದೆ ವಿಡಿಯೋ ಮೂಲಕ ಅತಿಥಿಗಳಿಗೆ ಕೈಮುಗಿಯಬೇಕಾಯಿತು. ಇಂತಹ ದಿನಗಳಲ್ಲಿ ಒಂದೇ ಟಿಕೆಟ್ಟಿದ್ದವರಿಗೂ ತೊಂದರೆ ತಪ್ಪದು. ಆದರೆ ಅವರ ಮುಂದಿನ ಟಿಕೆಟ್ಟು ಬರಿಯ ಕಾಗದವಾಗಿ ಹಾಳಾಗುವುದಿಲ್ಲ.

ಸಾಮಾನು ಮತ್ತು ವೀಸಾ

ಒಂದೇ ಟಿಕೆಟ್ಟಿನ ಇನ್ನೊಂದು ಅನುಕೂಲ ಸಾಮಾನಿನದು. ಸಾಮಾನ್ಯವಾಗಿ ಮೊದಲ ನಿಲ್ದಾಣದಲ್ಲಿ ಒಪ್ಪಿಸಿದ ಪೆಟ್ಟಿಗೆ ಕೊನೆಯ ಊರಿನಲ್ಲಿಯೇ ಕೈಸೇರುತ್ತದೆ. ದೇಶದೊಳಗಿನ ಅಗ್ಗದ ವಿಮಾನದಲ್ಲಿ 15 ಕಿಲೋ ಮಾತ್ರ ಉಚಿತವಾದರೆ, ಒಂದೇ ಟಿಕೆಟ್ಟಿನಲ್ಲಿ ಬಹುತೇಕ ಹೊರದೇಶದ ವಿಮಾನದ ಹೆಚ್ಚಿನ ಮಿತಿಯೇ ಇಡೀ ಪ್ರಯಾಣಕ್ಕೆ ಅನ್ವಯವಾಗುತ್ತದೆ. ಅಮೀನಗಡದ ಕರದಂಟು, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಬಾಣಂತಿಗೆ ಎರಡು ಇಳಕಲ್ ಸೀರೆ ತುಂಬಿದ ತಾಯಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸಾಮಾನು ಕಾಣೆಯಾದರೂ ಕಾನೂನಿನ ಬಲವಿದೆ. 2009ರಿಂದ ಭಾರತಕ್ಕೂ ಅನ್ವಯವಾಗಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಹಲವು ಕಂಪನಿಗಳು ಸೇರಿ ನಡೆಸಿದರೂ ಒಂದೇ ಪ್ರಯಾಣವೆಂದು ಪರಿಗಣಿತವಾದ ಯಾನದಲ್ಲಿ ಮೊದಲ ಕಂಪನಿಯನ್ನೂ ಕೊನೆಯ ಕಂಪನಿಯನ್ನೂ ಪ್ರಶ್ನಿಸುವ ಹಕ್ಕು ಪ್ರಯಾಣಿಕನಿಗಿದೆ. ಪೆಟ್ಟಿಗೆ ಒಡೆದಿದ್ದರೆ 7 ದಿನಗಳೊಳಗೆ, ತಡವಾಗಿ ಕೈಸೇರಿದರೆ ಸೇರಿದ 21 ದಿನಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ವೀಸಾದ ಮಾತು ಇನ್ನೂ ಗಂಭೀರ. ಎರಡು ಟಿಕೆಟ್ಟಿನಲ್ಲಿ ಹೋದಾಗ ನಡುವಿನ ದೇಶದಲ್ಲಿ ಹೊರಬಂದು ಪೆಟ್ಟಿಗೆ ಪಡೆದು ಮತ್ತೆ ಒಪ್ಪಿಸಬೇಕಾಗಬಹುದು. ಹೊರಬರಬೇಕಾದರೆ ಆ ದೇಶದ ವೀಸಾ ಬೇಕು. ಅದಿಲ್ಲದಿದ್ದರೆ ಭಾರತದ ನಿಲ್ದಾಣದಲ್ಲಿಯೇ ವಿಮಾನ ಹತ್ತಲು ಬಿಡದಿರುವ ಸಾಧ್ಯತೆಯುಂಟು. ಬ್ರಿಟನ್‌ನಂತಹ ದೇಶದಲ್ಲಿ ಹೊರಬರದೆ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ.

ಗುರುತಿಸುವುದು ಹೇಗೆ?

ಆರು ಅಕ್ಷರ–ಅಂಕಿಗಳ ಪಿಎನ್‌ಆರ್ ಒಂದೇ ಇದ್ದರೆ ಸಾಲದು. ಟಿಕೆಟ್ಟಿನ ಮೇಲಿನ 13 ಅಂಕಿಗಳ ಸಂಖ್ಯೆಯನ್ನು ನೋಡಬೇಕು. ಅದರ ಮೊದಲ ಮೂರು ಅಂಕಿಗಳು ಟಿಕೆಟ್ಟು ಕೊಟ್ಟ ಕಂಪನಿಯ ಗುರುತು; ಏರ್ ಇಂಡಿಯಾದ್ದು 098. ಹುಬ್ಬಳ್ಳಿಯಿಂದ ಕೊನೆಯ ಊರಿನವರೆಗಿನ ಎಲ್ಲ ಹಾರಾಟಗಳೂ ಅದೇ ಸಂಖ್ಯೆಯ ಕೆಳಗಿದ್ದರೆ ಅದು ಒಂದೇ ಟಿಕೆಟ್ಟು. ನಾಲ್ಕಕ್ಕಿಂತ ಹೆಚ್ಚು ಹಾರಾಟಗಳಿದ್ದಾಗ ಮಾತ್ರ ಒಂದರ ಹಿಂದೊಂದು ಬರುವ ಸಂಖ್ಯೆಯ ಎರಡು ಟಿಕೆಟ್ಟುಗಳಿರುತ್ತವೆ; ಅದರಲ್ಲಿ ತಪ್ಪಿಲ್ಲ. ಕೆಲವು ಮಾರಾಟಗಾರರು ಎರಡು ಬೇರೆ ಟಿಕೆಟ್ಟುಗಳನ್ನು ಒಂದೇ ಹಾಳೆಯಲ್ಲಿ ಒಂದೇ ಬೆಲೆಗೆ ತೋರಿಸುತ್ತಾರೆ. ‘ಸ್ವಯಂ ವರ್ಗಾವಣೆ’ ಅಥವಾ ‘ಸೆಲ್ಫ್ ಟ್ರಾನ್ಸ್‌ಫರ್’ ಎಂಬ ಮಾತು ಕಂಡರೆ ಎಚ್ಚರ ವಹಿಸಬೇಕು. ಏಜೆಂಟರನ್ನು ಮೂರು ಪ್ರಶ್ನೆ ಕೇಳಬೇಕು: ಟಿಕೆಟ್ ಸಂಖ್ಯೆ ಒಂದೇನಾ? ಪೆಟ್ಟಿಗೆ ಎಲ್ಲಿ ಕೈಸೇರುತ್ತದೆ? ಮೊದಲ ವಿಮಾನ ತಡವಾದರೆ ಮುಂದೆ ಕಳುಹಿಸುವವರು ಯಾರು?

ನೆನಪಿಡಬೇಕಾದ ಕಟ್ಟುಪಾಡುಗಳು

ಒಂದೇ ಟಿಕೆಟ್ಟಿಗೆ ಅದರದೇ ಆದ ಶಿಸ್ತೂ ಇದೆ. ಹುಬ್ಬಳ್ಳಿಯಿಂದ ಟಿಕೆಟ್ಟು ಕೊಂಡು, ‘ಬೆಂಗಳೂರಿನಲ್ಲಿ ಅಣ್ಣನ ಮನೆಗೆ ಹೋಗಿ ಅಲ್ಲಿಂದಲೇ ಹತ್ತುತ್ತೇನೆ’ ಎಂದರೆ ನಡೆಯದು. ಮೊದಲ ಹಾರಾಟಕ್ಕೆ ಹಾಜರಾಗದಿದ್ದರೆ ಮುಂದಿನವೆಲ್ಲವೂ, ಮರಳುವ ಪ್ರಯಾಣವೂ ಸೇರಿ, ಸಾಮಾನ್ಯವಾಗಿ ರದ್ದಾಗುತ್ತವೆ. ಮರಳಿ ಬರುವಾಗ ಇನ್ನೊಂದು ಮಾತು: ಭಾರತದಲ್ಲಿ ಇಳಿದ ಮೊದಲ ನಿಲ್ದಾಣದಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ ಪಡೆದು ಸುಂಕದ ತಪಾಸಣೆ ಮುಗಿಸಿ, ಹುಬ್ಬಳ್ಳಿ ವಿಮಾನಕ್ಕಾಗಿ ಪುನಃ ಒಪ್ಪಿಸಬೇಕು. ಒಂದೇ ಟಿಕೆಟ್ಟಿದ್ದರೂ ಇದು ತಪ್ಪುವುದಿಲ್ಲ. ಇಂಗ್ಲಿಷ್ ಬಾರದ ತಂದೆತಾಯಿಗೆ ಇದನ್ನು ಮೊದಲೇ ಕನ್ನಡದಲ್ಲಿ ಚೀಟಿ ಬರೆದುಕೊಡುವುದು ಒಳಿತು.

ಒಂದೇ ಟಿಕೆಟ್ಟು ದೊರೆಯದಿದ್ದರೆ ಅಥವಾ ಬಹಳ ದುಬಾರಿಯಾದರೆ ಏನು ಮಾಡಬೇಕು? ನಮ್ಮ ಸಲಹೆ ಸರಳವಾದುದು. ಪ್ರಯಾಣವನ್ನು ಬೆಂಗಳೂರು ಅಥವಾ ಹೈದರಾಬಾದಿನಿಂದಲೇ ಆರಂಭಿಸಿ, ಅಲ್ಲಿಗೆ ನೆಲದ ಮೇಲೆ ಒಂದು ದಿನ ಮುಂಚೆ ತಲುಪಿರಿ. ಬಾಗಲಕೋಟೆ, ಬಾದಾಮಿಯವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಹುನಗುಂದ, ಇಳಕಲ್ಲಿನವರಿಗೆ ಹೊಸಪೇಟೆ, ಚಿತ್ರದುರ್ಗ ಮಾರ್ಗದ ಹೆದ್ದಾರಿ ಮನೆಯ ಮುಂದೆಯೇ ಇದೆ. ಒಂದು ರಾತ್ರಿ ಬಂಧುಗಳ ಮನೆಯಲ್ಲಿ ಕಳೆಯುವುದು ಒಂದು ವಿಮಾನ ಕಳೆದುಕೊಳ್ಳುವುದಕ್ಕಿಂತ ಮೇಲು.

ಪರದೇಶದಲ್ಲಿರುವ ಮಕ್ಕಳು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ ಊರಿಗೆ ಧಾವಿಸುತ್ತಾರೆ; ಒಂದು ಕ್ರಿಸ್ಮಸ್, ಇನ್ನೊಂದು ಮನೆಯಲ್ಲಿ ಸಾವು. ಕ್ರಿಸ್ಮಸ್ಸಿಗೆ ಒಂದು ದಿನ ತಡವಾದರೆ ಮನೆಯವರು ಕಾಯುತ್ತಾರೆ. ಆದರೆ ಮಣ್ಣು ಕೊಡುವ ಹೊತ್ತು ಹೆಚ್ಚು ಕಾಯುವುದಿಲ್ಲ. ಅವಸರದಲ್ಲಿ ಕೈಗೆ ಸಿಕ್ಕ ಎರಡು ಟಿಕೆಟ್ಟು ಕೊಂಡು ನಡುದಾರಿಯಲ್ಲಿ ಸಿಕ್ಕಿಬೀಳುವ ಅಪಾಯ ಅಂತಹ ಸಮಯದಲ್ಲೇ ಹೆಚ್ಚು. ಆದಕಾರಣ ಯಾವ ಕಂಪನಿಗಳು ಹುಬ್ಬಳ್ಳಿ, ಬೆಳಗಾವಿಯವರೆಗೆ ಒಂದೇ ಟಿಕೆಟ್ಟು ಕೊಡುತ್ತವೆ ಎಂಬುದನ್ನು ಮನಸ್ಸು ಶಾಂತವಾಗಿರುವಾಗಲೇ ವಿಚಾರಿಸಿ ಮನೆಯ ಡೈರಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಪ್ರತಿಯೊಂದು ಕುಟುಂಬವನ್ನೂ ಕೇಳಿಕೊಳ್ಳುತ್ತೇವೆ.