ಆಸಿಲೊಸ್ಕೋಪಿನ ಪ್ರೋಬು: ಹೊಂದಿಕೆ ಮತ್ತು ಸರಿದೂಗಿಕೆ

ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಆಸಿಲೊಸ್ಕೋಪಿಗೆ ಸಲ್ಲುವ ಗೌರವದ ಹತ್ತರಲ್ಲೊಂದು ಪಾಲೂ ಅದರ ಪ್ರೋಬಿಗೆ ಸಲ್ಲುವುದಿಲ್ಲ. ಮಣಿಪಾಲದಲ್ಲಿ 1957ರಲ್ಲಿಯೂ ಸುರತ್ಕಲ್ಲಿನಲ್ಲಿ 1960ರಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಸ್ಥಾಪನೆಗೊಂಡ ಮೇಲೆ ನಮ್ಮ ಕರಾವಳಿಯಲ್ಲಿ ಈ ಉಪಕರಣದ ಬಳಕೆ ವ್ಯಾಪಕವಾಗಿದೆ; ಗಾಜಿನ ಕೊಳವೆಯ ಯಂತ್ರಗಳು ಹೋಗಿ ಅಂಕೀಯ ಯಂತ್ರಗಳು ಬಂದಿವೆ. ಆದರೂ ಪ್ರೋಬನ್ನು ಕೇವಲ ಒಂದು ತಂತಿಯೆಂದೇ ಭಾವಿಸುವ ಅಭ್ಯಾಸವು ಹಾಗೆಯೇ ಉಳಿದಿದೆ. ವಾಸ್ತವವಾಗಿ ಅದು ಮಾಪನ ಮಂಡಲದ ಒಂದು ಅಂಗ. ಅದು ತಪ್ಪಿದರೆ ಎಷ್ಟೇ ಬೆಲೆಬಾಳುವ ಯಂತ್ರವೂ ತಪ್ಪನ್ನೇ ಸ್ಪಷ್ಟವಾಗಿ ಚಿತ್ರಿಸಿ ತೋರಿಸುತ್ತದೆ.

ಮಳೆಗಾಲದಲ್ಲಿ ವಿದ್ಯುತ್ತು ಕೈಕೊಟ್ಟಾಗ ಅಲೆವೂರು, ಮಣಿಪಾಲ, ಕಾಪುವಿನ ಮನೆಗಳಲ್ಲಿ ದೀಪ ಉರಿಸುವ ಇನ್ವರ್ಟರನ್ನೇ ಉದಾಹರಣೆಯಾಗಿ ಪರಿಗಣಿಸೋಣ. ಸೈನ್ ತರಂಗವನ್ನು ನೀಡುವ ಇನ್ವರ್ಟರಿನ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತವೆ. ಪ್ರತಿಸಲ ಮುಚ್ಚುವಾಗಲೂ ಅವುಗಳ ಮೇಲೆ ಕ್ಷಣಿಕವಾದ ವಿಭವದ ಮೊನೆಯೊಂದು ಏಳುತ್ತದೆ. 100 ವೋಲ್ಟ್ ಮಿತಿಯ ಟ್ರಾನ್ಸಿಸ್ಟರಿನ ಮೇಲೆ ಈ ಮೊನೆಯು ತಳದಿಂದ ತುದಿಗೆ 85 ವೋಲ್ಟೆಂದು ಪರದೆಯಲ್ಲಿ ಕಂಡರೆ ವಿದ್ಯಾರ್ಥಿಯು ನಿಶ್ಚಿಂತನಾಗುತ್ತಾನೆ. ಆ ನಿಶ್ಚಿಂತೆಗೆ ಆಧಾರವುಂಟೇ ಎಂಬುದು ಪ್ರೋಬಿನ ಸರಿದೂಗಿಕೆಯನ್ನು ಅವಲಂಬಿಸಿದೆ.

ಸಾಮಾನ್ಯ ಆಸಿಲೊಸ್ಕೋಪಿನ ಪ್ರವೇಶದ್ವಾರದಲ್ಲಿ 1 ಮೆಗಾಓಮ್ ರೋಧವೂ ಅದಕ್ಕೆ ಸಮಾಂತರವಾಗಿ ಸುಮಾರು 20 ಪಿಕೊಫ್ಯಾರಡ್ ಧಾರಕತೆಯೂ ಇರುತ್ತವೆ. ಪ್ರೋಬಿನ ಕೇಬಲ್ಲಿನದು 70 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ ಒಟ್ಟು 90 ಆಗುತ್ತದೆ. ಪ್ರೋಬನ್ನು ಒಂದು ಪಟ್ಟಿನ ಸ್ಥಾನದಲ್ಲಿಟ್ಟು ನೇರವಾಗಿ ಜೋಡಿಸಿದರೆ ಈ ಹೊರೆಯೆಲ್ಲವೂ ಪರೀಕ್ಷಿಸುವ ಮಂಡಲದ ಮೇಲೆ ಬೀಳುತ್ತದೆ. ಮೂಲದ ಆಂತರಿಕ ರೋಧವು 100 ಕಿಲೊಓಮ್ ಇದ್ದರೆ ಸ್ಥಿರವಿಭವದ ಅಳತೆಯೇ ನೂರಕ್ಕೆ 9ರಷ್ಟು ಇಳಿಯುತ್ತದೆ. ತರಂಗದ ಏರಿಕೆಗೆ ಸುಮಾರು 18 ಮೈಕ್ರೊಸೆಕೆಂಡುಗಳು ಹಿಡಿಯುತ್ತವೆ. ಅಂಚು ಬಾಗಿದುದು ಮಂಡಲದ ದೋಷವಲ್ಲ, ನಾವು ತಂದು ಹಚ್ಚಿದ ಹೊರೆಯ ಫಲ.

ಹತ್ತು ಪಟ್ಟಿನ ಪ್ರೋಬು ಇದಕ್ಕೆ ಪರಿಹಾರ. ಅದರ ತುದಿಯಲ್ಲಿ 9 ಮೆಗಾಓಮ್ ರೋಧವುಂಟು. ಆಸಿಲೊಸ್ಕೋಪಿನ 1 ಮೆಗಾಓಮಿನೊಡನೆ ಕೂಡಿ ಅದು ವಿಭವವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುತ್ತದೆ. ಆದರೆ ರೋಧಗಳ ಈ ಹಂಚಿಕೆಯು ನಿಧಾನವಾಗಿ ಬದಲಾಗುವ ವಿಭವಗಳಿಗೆ ಮಾತ್ರ ಸಾಕು. ವೇಗದ ಬದಲಾವಣೆಗಳಲ್ಲಿ ಹಂಚಿಕೆ ನಡೆಸುವವು ಧಾರಕಗಳು. ಅವುಗಳ ಹಂಚಿಕೆಯೂ ಹತ್ತರಲ್ಲೊಂದೇ ಆಗಬೇಕಾದರೆ ತುದಿಯ ರೋಧಕ್ಕೆ ಸಮಾಂತರವಾಗಿ 10 ಪಿಕೊಫ್ಯಾರಡ್ ಇರಬೇಕು. 9 ಮೆಗಾಓಮನ್ನು 10 ಪಿಕೊಫ್ಯಾರಡಿನಿಂದ ಗುಣಿಸಿದರೆ 90 ಮೈಕ್ರೊಸೆಕೆಂಡು. 1 ಮೆಗಾಓಮನ್ನು 90 ಪಿಕೊಫ್ಯಾರಡಿನಿಂದ ಗುಣಿಸಿದರೂ ಅಷ್ಟೇ. ಎರಡು ಕಾಲಸ್ಥಿರಾಂಕಗಳ ಈ ಸಮಾನತೆಯೇ ಸರಿದೂಗಿಕೆಯೆಂಬುದರ ಅರ್ಥ. ಆಗ ತುದಿಯಲ್ಲಿ ತೋರುವ ಧಾರಕತೆಯು 90ರಿಂದ 9 ಪಿಕೊಫ್ಯಾರಡಿಗೆ ಇಳಿಯುತ್ತದೆ.

ಈಗ ತುದಿಯ ಧಾರಕವು 10ರ ಬದಲು 8 ಪಿಕೊಫ್ಯಾರಡ್ ಆಗಿದೆಯೆನ್ನೋಣ. ವೇಗದ ಬದಲಾವಣೆಗಳಿಗೆ ಹಂಚಿಕೆಯು 98ರಲ್ಲಿ 8, ಅಂದರೆ 0.1ರ ಬದಲು 0.082 ಮಾತ್ರ. ಅಳತೆಯು ನೂರಕ್ಕೆ 18ರಷ್ಟು ಕಡಿಮೆಯಾಯಿತು. ಮೇಲೆ ಹೇಳಿದ ಇನ್ವರ್ಟರಿನ 85 ವೋಲ್ಟ್ ವಾಸ್ತವವಾಗಿ 104. ಟ್ರಾನ್ಸಿಸ್ಟರು ತನ್ನ ಮಿತಿಯನ್ನು ಆಗಲೇ ದಾಟಿದೆ. ಧಾರಕವು 12 ಪಿಕೊಫ್ಯಾರಡ್ ಆಗಿದ್ದರೆ ತಪ್ಪು ಹೆಚ್ಚುಕಡಿಮೆ ಅಷ್ಟೇ, ಆದರೆ ವಿರುದ್ಧ ದಿಕ್ಕಿನಲ್ಲಿ.

ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲವೆಂಬುದೇ ಇದರ ಅಪಾಯ. 50 ಹರ್ಟ್ಸ್ ಆವೃತ್ತಿಯ ಸೈನ್ ತರಂಗವನ್ನು ಅಳೆದರೆ ರೋಧಗಳ ಹಂಚಿಕೆಯೇ ಪ್ರಧಾನವಾಗಿ ಅಳತೆಯು ಸರಿಯಾಗಿಯೇ ಬರುತ್ತದೆ. 100 ಕಿಲೊಹರ್ಟ್ಸಿನ ಚೌಕ ತರಂಗವನ್ನು ನೋಡಿದರೆ ಅರ್ಧಾವಧಿ 5 ಮೈಕ್ರೊಸೆಕೆಂಡು ಮಾತ್ರವಾದುದರಿಂದ ಆಕಾರವು ಬಹುಮಟ್ಟಿಗೆ ಚೌಕವಾಗಿಯೇ ತೋರುತ್ತದೆ, ಎತ್ತರ ಮಾತ್ರ ತಪ್ಪು. ಎರಡು ಹಂಚಿಕೆಗಳ ನಡುವಣ ಸಂಕ್ರಮಣದ ಕಾಲಸ್ಥಿರಾಂಕವು ನಮ್ಮ ಉದಾಹರಣೆಯಲ್ಲಿ ಸುಮಾರು 88 ಮೈಕ್ರೊಸೆಕೆಂಡು. 1 ಕಿಲೊಹರ್ಟ್ಸಿನ ಚೌಕ ತರಂಗದ ಅರ್ಧಾವಧಿ 500 ಮೈಕ್ರೊಸೆಕೆಂಡು. ಅದರಲ್ಲಿ ಆರಂಭದ ನೆಗೆತವೂ ಕೊನೆಯ ಮಟ್ಟವೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ಆಸಿಲೊಸ್ಕೋಪುಗಳ ಮುಖಫಲಕದಲ್ಲಿರುವ ಪರೀಕ್ಷಾ ತರಂಗವು ಸಾಮಾನ್ಯವಾಗಿ 1 ಕಿಲೊಹರ್ಟ್ಸ್ ಆಗಿರುವುದರ ಔಚಿತ್ಯ ಇದೇ. ಆ ತರಂಗದ ಮೂಲೆ ದುಂಡಾಗಿದ್ದರೆ ಸರಿದೂಗಿಕೆ ಕೊರತೆಯಾಗಿದೆ. ಮೂಲೆಯಲ್ಲಿ ಕೊಂಬು ಮೂಡಿದ್ದರೆ ಮಿತಿಮೀರಿದೆ.

ಹೊಂದಿಸುವ ತಿರುಪು ಕೆಲವು ಪ್ರೋಬುಗಳಲ್ಲಿ ತುದಿಯ ಬಳಿಯೂ ಕೆಲವುಗಳಲ್ಲಿ ಆಸಿಲೊಸ್ಕೋಪಿನ ಕಡೆಯ ಪೆಟ್ಟಿಗೆಯಲ್ಲಿಯೂ ಇರುತ್ತದೆ. ಅದನ್ನು ಪ್ಲಾಸ್ಟಿಕ್ ತಿರುಪುಳಿಯಿಂದಲೇ ತಿರುಗಿಸಬೇಕು. ಲೋಹದ ತಿರುಪುಳಿಯನ್ನೂ ಅದನ್ನು ಹಿಡಿದ ಕೈಯನ್ನೂ ದೂರ ಸರಿಸಿದೊಡನೆ ಹೊಂದಿಕೆ ಕೆಡುತ್ತದೆ. ಒಂದೇ ಯಂತ್ರದ ಎರಡು ದ್ವಾರಗಳ ಧಾರಕತೆಯೂ ಸಮನಾಗಿರಬೇಕೆಂದಿಲ್ಲ. ಆದುದರಿಂದ ಪ್ರೋಬನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎರವಲು ಒಯ್ಯುವ ಪದ್ಧತಿ ಇರುವಲ್ಲಿ (ಇಲ್ಲದ ಪ್ರಯೋಗಶಾಲೆ ಎಲ್ಲಿದೆ?) ಪ್ರತಿಸಲವೂ ಪರೀಕ್ಷೆ ಅವಶ್ಯ. ತಿರುಪಿನ ವ್ಯಾಪ್ತಿಗೂ ಮಿತಿಯುಂಟು. 10ರಿಂದ 25 ಪಿಕೊಫ್ಯಾರಡಿನ ದ್ವಾರಕ್ಕೆಂದು ತಯಾರಿಸಿದ ಪ್ರೋಬನ್ನು 47 ಪಿಕೊಫ್ಯಾರಡಿನ ಹಳೆಯ ಯಂತ್ರಕ್ಕೆ ಜೋಡಿಸಿದರೆ ಎಷ್ಟು ತಿರುಗಿಸಿದರೂ ಮೂಲೆ ಚೌಕವಾಗದು.

ಎರಡು ಬಿಂದುಗಳ ನಡುವಣ ವಿಭವಾಂತರವನ್ನು ಎರಡು ಪ್ರೋಬುಗಳಿಂದ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುವಾಗ ಪ್ರೋಬುಗಳ ಪರಸ್ಪರ ಹೊಂದಿಕೆಯೂ ಬೇಕು. ನಮ್ಮ 230 ವೋಲ್ಟಿನ ಸರಬರಾಜಿನ ಶಿಖರ 325 ವೋಲ್ಟ್. ಎರಡು ಪ್ರೋಬುಗಳ ಹಂಚಿಕೆಯಲ್ಲಿ ನೂರಕ್ಕೆ ಒಂದರಷ್ಟು ಅಂತರವಿದ್ದರೂ, ಎರಡನ್ನೂ ಒಂದೇ ಬಿಂದುವಿಗೆ ಹಚ್ಚಿದಾಗ ಶೂನ್ಯದ ಬದಲು 3 ವೋಲ್ಟಿಗೂ ಮಿಗಿಲಾದ ಸುಳ್ಳು ತರಂಗ ಕಾಣುತ್ತದೆ. ಆದ್ದರಿಂದ ಮೊದಲು ಎರಡನ್ನೂ ಒಂದೇ ಪರೀಕ್ಷಾ ತರಂಗಕ್ಕೆ ಜೋಡಿಸಿ, ವ್ಯತ್ಯಾಸವನ್ನು ಪರದೆಗೆ ತಂದು, ಉಳಿಕೆಯು ಆದಷ್ಟು ಸಮರೇಖೆಯಾಗುವಂತೆ ತಿರುಪುಗಳನ್ನು ಹೊಂದಿಸಬೇಕು. ಅಂಚುಗಳ ಮೊನೆಯನ್ನು ತಿರುಪು ತೆಗೆಯಬಲ್ಲದು. ರೋಧಗಳ ಅಂತರದಿಂದ ಉಳಿಯುವ ಚಪ್ಪಟೆ ಮೆಟ್ಟಿಲನ್ನು ತೆಗೆಯಲಾರದು. ಅದಕ್ಕೆ ಬೇರೆ ಜೋಡಿಯನ್ನೇ ಆರಿಸಬೇಕು. ಈ ತೊಡಕನ್ನು ತಪ್ಪಿಸಲೆಂದು ಆಸಿಲೊಸ್ಕೋಪಿನ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುವವರುಂಟು. ಆಗ ಯಂತ್ರದ ಲೋಹದ ಕವಚವೇ ಜೀವಂತವಾಗಿ ಮುಟ್ಟಿದವರ ಪ್ರಾಣಕ್ಕೆ ಎರವಾಗಬಹುದು. ಇದನ್ನು ಅಧ್ಯಾಪಕರು ಯಾವ ಕಾರಣಕ್ಕೂ ಅನುಮತಿಸಕೂಡದು.

ಕರಾವಳಿಯ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರೋಬಿನ ತುದಿಯೊಳಗೆ ತೇವದಿಂದ 1000 ಮೆಗಾಓಮಿನ ಸೋರಿಕೆಯ ದಾರಿಯೊಂದು ಏರ್ಪಟ್ಟರೆ 9 ಮೆಗಾಓಮ್ 8.92ಕ್ಕೆ ಇಳಿದು ಅಳತೆಯು ನೂರಕ್ಕೆ 0.8ರಷ್ಟು ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರೋಬುಗಳನ್ನು ಒಣ ಪೆಟ್ಟಿಗೆಯಲ್ಲಿಡುವುದು ಲೇಸು.

ಇನ್ನು ತಿರುಪಿನ ಅಧಿಕಾರಕ್ಕೆ ಒಳಪಡದ ಸಂಗತಿಗಳು. ಅತಿವೇಗದ ಅಂಚುಗಳು ಕೇಬಲ್ಲಿನ ಎರಡೂ ತುದಿಗಳಲ್ಲಿ ಪ್ರತಿಫಲಿಸಿ ಕಂಪನಗಳನ್ನು ಹುಟ್ಟಿಸುತ್ತವೆ. ಅಮೆರಿಕದ ಟೆಕ್ಟ್ರಾನಿಕ್ಸ್ ಸಂಸ್ಥೆಯ ಕೋಬೆ ಮತ್ತು ಪೊಲಿಟ್ಸ್ ಎಂಬವರು ಕೇಬಲ್ಲಿನ ನಡುತಂತಿಯನ್ನೇ ರೋಧವುಳ್ಳದ್ದಾಗಿ ಮಾಡಿ ಇದನ್ನು ಅಡಗಿಸಿದರು. 1959ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ತುಂಡಾದ ಪ್ರೋಬಿಗೆ ಟೆಲಿವಿಷನ್ನಿನ ಕೇಬಲ್ಲನ್ನು ಬೆಸೆದು ದುರಸ್ತಿ ಮಾಡಕೂಡದೆನ್ನುವುದು ಇದರಿಂದಲೇ. ನೆಲದ ತಂತಿಯೂ ಹಾಗೆಯೇ. 15 ಸೆಂಟಿಮೀಟರ್ ತಂತಿಯ ಪ್ರೇರಕತೆ ಸುಮಾರು 150 ನ್ಯಾನೊಹೆನ್ರಿ. ತುದಿಯ 9 ಪಿಕೊಫ್ಯಾರಡಿನೊಡನೆ ಸೇರಿ ಅದು ಸುಮಾರು 137 ಮೆಗಾಹರ್ಟ್ಸಿನಲ್ಲಿ ಅನುರಣಿಸುತ್ತದೆ. ಅಂಚಿನ ಬಳಿ ಇಂಥ ನಡುಕ ಕಂಡರೆ ಸರಿದೂಗಿಕೆಯ ತಿರುಪನ್ನು ಮುಟ್ಟದೆ ನೆಲದ ತಂತಿಯನ್ನು ಗಿಡ್ಡಗೊಳಿಸಿ ನೋಡಬೇಕು. ನಡುಕವು ಬದಲಾದರೆ ಅದು ಮಂಡಲದ್ದಲ್ಲ, ತಂತಿಯದು.