ಕ್ಲೌನ್ ಮೀನಿಗೆ ಅನಿಮೋನ್ ತರುವ ಮುನ್ನ

ಕ್ಲೌನ್ ಮೀನಿನ ಜೋಡಿ ಕೊಳ್ಳಲು ಹೋದವರು ಜೊತೆಗೇ ಒಂದು ಅನಿಮೋನನ್ನೂ ಕೇಳುತ್ತಾರೆ. ಮೀನಿಗೊಂದು ಮನೆ ಬೇಡವೇ ಎಂಬ ಕಾಳಜಿ ಅವರದು. ಆದರೆ ಗಾಜಿನ ತೊಟ್ಟಿಯಲ್ಲಿ ಈ ಮೀನಿಗೆ ಅನಿಮೋನ್ ಬೇಕೇ ಬೇಕೆಂದಿಲ್ಲ. ಕಡಲಲ್ಲಿ ಆ ಆಸರೆ ತಪ್ಪಿದರೆ ದೊಡ್ಡ ಮೀನುಗಳು ಅದನ್ನು ನುಂಗಿಬಿಡುತ್ತವೆ. ತೊಟ್ಟಿಯಲ್ಲಿ ಆ ಭಯವಿಲ್ಲ. ಚೆನ್ನಾಗಿ ನೋಡಿಕೊಂಡರೆ ಅನಿಮೋನ್ ಇಲ್ಲದೆಯೂ ಹತ್ತು ವರ್ಷ ದಾಟಿ ಬದುಕುತ್ತದೆ. ಬೇಗ ಸೊರಗುವುದು ಅನಿಮೋನೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಸಾಕುವುದಾದರೆ ತೊಟ್ಟಿಯನ್ನು ಅನಿಮೋನಿಗಾಗಿ ಕಟ್ಟಬೇಕು. ಮೀನು ಅಲ್ಲಿ ತಾನಾಗಿ ಒಗ್ಗಿಕೊಳ್ಳುತ್ತದೆ.

ಅನಿಮೋನ್ ಗಿಡವಲ್ಲ, ಹವಳ ಮತ್ತು ಜೆಲ್ಲಿ ಮೀನುಗಳ ಬಳಗದ ಪ್ರಾಣಿ. ಅದರ ಎಳೆಗಳ ತುಂಬ ಕುಟುಕುವ ಕೋಶಗಳಿವೆ. ಕ್ಲೌನ್ ಮೀನಿನ ಮೈಮೇಲಿನ ಲೋಳೆ ಆ ಕೋಶಗಳನ್ನು ಕೆರಳಿಸುವುದಿಲ್ಲ. ಅನಿಮೋನಿನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿ, ಬೆಳಕಿನಿಂದ ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಅದಕ್ಕೆ ಕೊಡುತ್ತವೆ. ಮೀನು ವಿಸರ್ಜಿಸುವ ಅಮೋನಿಯ ಆ ಪಾಚಿಗಳಿಗೆ ಗೊಬ್ಬರ. ರಾತ್ರಿ ಮೀನು ಎಳೆಗಳ ನಡುವೆ ಮೈಯಾಡಿಸಿದಾಗ ನೀರು ಚಲಿಸಿ ಆಮ್ಲಜನಕವೂ ಸಿಗುತ್ತದೆ. ಅನಿಮೋನನ್ನು ಕಚ್ಚಿ ತಿನ್ನಲು ಬರುವ ಬಟರ್‌ಫ್ಲೈ ಮೀನುಗಳನ್ನು, ತನಗಿಂತ ದೊಡ್ಡವಾದರೂ ಸರಿ, ಈ ಪುಟ್ಟ ಮೀನು ಅಟ್ಟಿಬಿಡುತ್ತದೆ. ಇಷ್ಟು ಅಚ್ಚುಕಟ್ಟಾದ ಕೊಡುಕೊಳ್ಳುವಿಕೆ ಕಡಲಲ್ಲೂ ಅಪರೂಪ.

ಕ್ಲೌನ್ ಮೀನಿಗೆ ಆಸರೆಯಾಗುವ ಅನಿಮೋನ್ ಪ್ರಭೇದಗಳು ಸುಮಾರು ಹತ್ತು. ಮನೆಯ ತೊಟ್ಟಿಗೆ ಬಬಲ್ ಟಿಪ್ ಅನಿಮೋನೇ ಸರಿ. ಉಳಿದವು ಹೆಚ್ಚು ಅನುಭವ ಬೇಡುತ್ತವೆ. ಆಸೆಲ್ಲಾರಿಸ್ ಎಂಬ ಜನಪ್ರಿಯ ಕ್ಲೌನ್ ಮೀನು ಕಡಲಲ್ಲಿ ಸಾಮಾನ್ಯವಾಗಿ ಬೇರೆ ಅನಿಮೋನ್‌ಗಳಲ್ಲಿ ಇರುವಂಥದು. ಹಾಗಾಗಿ ಬಬಲ್ ಟಿಪ್ ಒಳಗೆ ಹೋಗಲು ಅದು ವಾರಗಳನ್ನೋ ತಿಂಗಳುಗಳನ್ನೋ ತೆಗೆದುಕೊಳ್ಳಬಹುದು, ಹೋಗದೆಯೂ ಇರಬಹುದು. ಬಲವಂತ ಮಾಡಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನೀರು. ಬೋರ್‌ವೆಲ್ ನೀರೂ ನಲ್ಲಿ ನೀರೂ ನೇರವಾಗಿ ಆಗದು. ಆರ್‌ಒ, ಡಿಐ (ಅಯಾನುಗಳನ್ನು ತೆಗೆಯುವ) ಎರಡೂ ಶೋಧನೆ ದಾಟಿದ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಬೇಕು. ಅಡುಗೆಮನೆಯ ಹಲವು ಆರ್‌ಒ ಯಂತ್ರಗಳು ರುಚಿಗಾಗಿ ಒಂದಿಷ್ಟು ಗಡಸು ನೀರನ್ನು ಮರಳಿ ಸೇರಿಸುತ್ತವೆ, ಅದನ್ನು ನೋಡಿಕೊಳ್ಳಿ. ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರಬೇಕು. ನೀರು ಆವಿಯಾದಾಗ ಉಪ್ಪು ಉಳಿದುಬಿಡುವುದರಿಂದ ಮಟ್ಟ ತುಂಬಿಸಲು ಶುದ್ಧ ಸಿಹಿನೀರೇ ಬೇಕು, ಉಪ್ಪುನೀರಲ್ಲ. ಮಂಗಳೂರಿನ ಕಡೆಯವರು ಕಡಲ ನೀರನ್ನೇ ತರುವುದಾದರೆ ಮಳೆಗಾಲದಲ್ಲಿ ಬೇಡ: ತುಂಬಿ ಹರಿಯುವ ನೇತ್ರಾವತಿ, ಗುರುಪುರ ನದಿಗಳು ತೀರದ ನೀರನ್ನು ಸಪ್ಪೆಯಾಗಿಸಿ ಕೆಸರನ್ನೂ ತರುತ್ತವೆ.

ತೊಟ್ಟಿಯ ಕಲ್ಲುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸಲು ನಾಲ್ಕರಿಂದ ಆರು ವಾರ ಬೇಕು. ಮೀನು ಆಮೇಲೆ ಬರಲಿ. ಅನಿಮೋನ್ ಮಾತ್ರ ಆರು ತಿಂಗಳಾದರೂ ಕಾಯಲಿ. ಆ ಕಲ್ಲುಗಳು ನಮ್ಮ ಕಡಲ ಹವಳದ್ದಾಗಿರಬಾರದು; ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮೀನಿನಲ್ಲೂ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಕ್ಲೌನ್ ಮೀನಿನ ಸಂತಾನೋತ್ಪತ್ತಿ ತಂತ್ರ ರೂಪಿಸಿದೆ. ಎರಡು ಎಳೆಯ ಮೀನು ತಂದರೆ ಸಾಕು. ಇವು ಮೊದಲು ಗಂಡಾಗಿ ಬೆಳೆಯುವ ಜಾತಿ. ಮೇಲುಗೈ ಸಾಧಿಸಿ ದೊಡ್ಡದಾದದ್ದು ಹೆಣ್ಣಾಗುತ್ತದೆ.

ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಬಿಸಿ ಹೆಚ್ಚಿದರೆ ಅನಿಮೋನ್ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ನೀರಿನ ಮೇಲೆ ಫ್ಯಾನ್ ಹಾಯಿಸಿ ಬೇಸಿಗೆ ಕಳೆಯಬಹುದೇನೋ, ಕರಾವಳಿಯಲ್ಲಿ, ಕಲಬುರಗಿಯಲ್ಲಿ ಚಿಲ್ಲರ್ ಇಲ್ಲದೆ ಕಷ್ಟ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.

ಕೊಳ್ಳುವಾಗ ಬಾಯಿ ಬಿಗಿಯಾಗಿ ಮುಚ್ಚಿದ, ಪಾದ ಹರಿಯದ, ಕಂದು ಅಥವಾ ಹಸಿರು ಛಾಯೆಯ ಅನಿಮೋನ್ ಆರಿಸಿ. ಅಚ್ಚ ಬಿಳಿಯದು ಪಾಚಿ ಕಳೆದುಕೊಂಡಿರುತ್ತದೆ. ಕಣ್ಣು ಕುಕ್ಕುವ ಹಳದಿಯದಕ್ಕೆ ಬಣ್ಣ ಹಾಕಿರುವ ಸಾಧ್ಯತೆ ಹೆಚ್ಚು. ತೊಟ್ಟಿಗೆ ಬಿಟ್ಟ ಮೇಲೆ ಅದು ಇಟ್ಟಲ್ಲಿ ಇರುವುದಿಲ್ಲ, ಬೆಳಕು ಮತ್ತು ಹರಿವು ಹಿಡಿಸುವ ಬಿರುಕು ಹುಡುಕಿಕೊಂಡು ನಡೆಯುತ್ತದೆ. ಆ ನಡಿಗೆಯಲ್ಲಿ ಪಂಪಿನ ಬಾಯಿಗೆ ಸಿಕ್ಕಿ ಚೂರಾಗದಂತೆ ಸ್ಪಾಂಜ್ ಕಟ್ಟಿ. ವಾರಕ್ಕೊಮ್ಮೆ ಸಿಗಡಿಯ ಸಣ್ಣ ತುಣುಕು ಸಾಕು. ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ತಾಮ್ರದ ಔಷಧಿಯನ್ನು ಬೇರೆ ತೊಟ್ಟಿಯಲ್ಲೇ ಕೊಡಬೇಕು. ತಾಮ್ರ ಅನಿಮೋನನ್ನು ಕೊಲ್ಲುತ್ತದೆ.

ಕೆಲವೊಮ್ಮೆ ಅನಿಮೋನ್ ಗಾಳಿ ಹೋದ ಬಲೂನಿನಂತೆ ಕುಗ್ಗುತ್ತದೆ. ತ್ಯಾಜ್ಯ ಹೊರಹಾಕುವ ಬಗೆ ಅದು, ಗಂಟೆಗಳಲ್ಲಿ ಮತ್ತೆ ಅರಳಿದರೆ ಚಿಂತೆಯಿಲ್ಲ. ಬಾಯಿ ತೆರೆದು ಜೋತು, ಎಳೆಗಳು ಕರಗಿ, ಕೊಳೆತ ವಾಸನೆ ಬಂದರೆ ಅದು ಸತ್ತಿದೆ ಎಂದೇ ತಿಳಿಯಿರಿ. ಮರುದಿನಕ್ಕೆ ಬಿಡದೆ ಆಗಲೇ ಹೊರತೆಗೆದು, ಅಮೋನಿಯ ಪರೀಕ್ಷಿಸಿ, ನೀರಿನ ಒಂದು ಭಾಗ ಬದಲಿಸಿ, ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿ. ತಡವಾದರೆ ಮೀನುಗಳೂ ಉಳಿಯುವುದಿಲ್ಲ.