ಹಡಗಿನ ಬೆನ್ನೇರಿ ಹೊರಟ ಹೊಳೆಯ ಹಡಗು

ಸೊಲ್ಲಾಪುರ ರಸ್ತೆಯಲ್ಲಿ, ಇಂಡಿ ತಾಲ್ಲೂಕಿನ ಹೊರ್ತಿ ಹತ್ತಿರ ಚಹಾದಂಗಡಿ ಮುಂದೆ ನಿಂತರೆ ಒಮ್ಮೊಮ್ಮೆ ಲಾರಿಯ ಬರೀ ಚಾಸಿ ಹೋಗುವುದು ಕಾಣುತ್ತದೆ. ಕ್ಯಾಬಿನ್ ಇಲ್ಲ, ಬಾಡಿ ಇಲ್ಲ. ಡ್ರೈವರ್ ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಳಿಗೆ ಎದೆಯೊಡ್ಡಿ ಕೂತಿರುತ್ತಾನೆ. ಚಾಸಿ ಮಾಡುವ ಕಾರ್ಖಾನೆ ಒಂದೂರಲ್ಲಿ, ಬಾಡಿ ಕಟ್ಟುವವರು ಇನ್ನೊಂದೂರಲ್ಲಿ.

ಹೊಳೆಯ ಬಾರ್ಜ್‌ಗಳದ್ದೂ ಇದೇ ಕಥೆ. ನೆದರ್ಲೆಂಡ್ಸ್‌ನ ನದಿ, ಕಾಲುವೆಗಳಲ್ಲಿ ಸರಕು ಹೊರುವ ಎಷ್ಟೋ ಬಾರ್ಜ್‌ಗಳ ಒಡಲು ಬೆಸುಗೆಯಾದದ್ದು ಚೀನಾದಲ್ಲಿ. ಡಚ್ಚರು ಈ ಖಾಲಿ ಒಡಲನ್ನು ‘ಕಾಸ್ಕೊ’ ಎನ್ನುತ್ತಾರೆ. ಎಂಜಿನ್ನು, ಚುಕ್ಕಾಣಿ ಕೋಣೆ, ಬಣ್ಣ ಎಲ್ಲ ಆಮೇಲೆ, ತಮ್ಮೂರಿನಲ್ಲಿ.

ಮಧ್ಯೆ ಇರುವುದು ಸುಮಾರು 20 ಸಾವಿರ ಕಿಲೋಮೀಟರ್ ಸಮುದ್ರ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ವಿಲ್ಸನ್ ಕಂಪನಿಗೆ ಕಟ್ಟುವ ಹಡಗುಗಳಿಗೆ ಈ ಚಿಂತೆಯಿಲ್ಲ. ಅವು ಸಮುದ್ರದ ಹಡಗುಗಳೇ, ತಮ್ಮ ಎಂಜಿನ್ ಮೇಲೆ ಹೋಗಬಲ್ಲವು. ಹೊಳೆಯ ಬಾರ್ಜ್ ಹಾಗಲ್ಲ. 110 ಮೀಟರ್ ಉದ್ದ, ಅಗಲ ಹನ್ನೊಂದೂವರೆಯೂ ಇಲ್ಲ, ಆಳವೂ ಕಡಿಮೆ. ಶಾಲೆಯ ಅಡಿಪಟ್ಟಿಯಂಥ ಮೈಕಟ್ಟು. ದೊಡ್ಡ ಅಲೆಯ ನೆತ್ತಿ ನಡುವಿಗೆ ಬಂದರೆ ಎರಡೂ ತುದಿ ಜೋತು ಬೀಳುತ್ತವೆ, ಅಲೆಗಳೆರಡು ತುದಿಗಳಿಗೆ ಸಿಕ್ಕರೆ ನಡು ಕುಸಿಯುತ್ತದೆ. ಹೀಗೆ ದಿನಗಟ್ಟಲೆ ಬಗ್ಗಿಸಿದರೆ ಉಕ್ಕೂ ತಂತಿಯ ಹಾಗೆ ಮುರಿಯುತ್ತದೆ.

ಅದಕ್ಕೇ ಹಡಗಿನ ಮೇಲೆ ಹಡಗು. ಅರೆಮುಳುಗು ಹಡಗು ಎಂಬ ಈ ಯಂತ್ರದ ನಡುಭಾಗವೆಲ್ಲ ಬಯಲಿನಂಥ ಚಪ್ಪಟೆ ಅಟ್ಟ. ಹೊಟ್ಟೆಯ ತೊಟ್ಟಿಗಳಿಗೆ ಸಮುದ್ರದ ನೀರು ಬಿಟ್ಟುಕೊಂಡು ಅದು ಬೇಕೆಂದೇ ಮುಳುಗುತ್ತದೆ. ಅಟ್ಟ ನೀರಿನ ಕೆಳಗೆ ಹಲವು ಮೀಟರ್ ಇಳಿದಾಗ ಟಗ್ ಎಂಬ ಎಳೆಯುವ ದೋಣಿಗಳು ತೇಲುವ ಒಡಲುಗಳನ್ನು ಅದರ ಮೇಲಕ್ಕೆ ತಂದು ನಿಲ್ಲಿಸುತ್ತವೆ. ಆಮೇಲೆ ಪಂಪ್ ಶುರು. ನೀರು ಹೊರಹೋದಂತೆ ಅಟ್ಟ ಮೇಲೇರಿ, ಮೊದಲೇ ಅಳೆದು ಜೋಡಿಸಿಟ್ಟ ಮರದ ದಿಮ್ಮಿಗಳ ಮೇಲೆ ಒಡಲುಗಳು ಕೂರುತ್ತವೆ.

ಅಪಾಯವಿರುವುದು ಮುಳುಗುವ ಗಳಿಗೆಯಲ್ಲಿ. ತುಂಬಿದ ಹರಿಗೋಲಿನಲ್ಲಿ ಒಬ್ಬ ಎದ್ದು ನಿಂತರೆ ಅಂಬಿಗ ಬೈಯುವುದು ಸುಮ್ಮನೆ ಅಲ್ಲ. ಭಾರ ಮೇಲೇರಿದಷ್ಟೂ ವಾಲಿಕೆ ಹೆಚ್ಚು. ಅದನ್ನು ತಡೆಯುವುದು ನೀರಿನ ಮಟ್ಟದಲ್ಲಿ ಒಡಲಿಗಿರುವ ಅಗಲ. ಒಂದು ಪಕ್ಕ ವಾಲಿದರೆ ಆ ಪಕ್ಕ ಹೆಚ್ಚು ನೀರು ಒತ್ತಿ ಮೇಲೆತ್ತುತ್ತದೆ. ಅಟ್ಟವೇ ಮುಳುಗಿದರೆ ಆ ಅಗಲ ಒಮ್ಮೆಲೇ ಮಾಯ. ಆಗ ನೀರಿನ ಮೇಲೆ ಉಳಿಯುವುದು ಮುಂದಿನ ಕಟ್ಟಡ, ಹಿಂದಿನ ಗೋಪುರಗಳು ಮಾತ್ರ. ನೋಡಿದವರಿಗೆ ಅವು ಬೇಡದ ಕೊಂಬುಗಳಂತೆ ಕಾಣುತ್ತವೆ. ಹಡಗು ಮಗುಚದೆ ನಿಲ್ಲುವುದು ಅವುಗಳಿಂದಲೇ.

ಈ ಜಾತಿಯ ‘ಬ್ಲೂ ಮಾರ್ಲಿನ್’ 2000ದಲ್ಲಿ ಏಡನ್‌ನಲ್ಲಿ ಸ್ಫೋಟಕ್ಕೆ ಸಿಕ್ಕ ಅಮೆರಿಕದ ಯುದ್ಧನೌಕೆ ‘ಕೋಲ್’ ಅನ್ನು ಬೆನ್ನ ಮೇಲೆ ಹೊತ್ತು ಮನೆ ಮುಟ್ಟಿಸಿತ್ತು. ಬಾರ್ಜ್ ಒಡಲುಗಳನ್ನೂ ಅದು, ನಾವು ಚಕ್ಕಡಿಗೆ ಕಣಿಕೆ ಹೇರಿದಂತೆ, ಒಂದರ ಮೇಲೊಂದು ಪೇರಿಸಿಕೊಂಡು ಸಾಗಿದೆ.

ಖಾಲಿ ಒಡಲನ್ನು ಹೊತ್ತು ತರುವುದು ಹಳೆಯ ಜಾಣತನ. ಯೂಫ್ರೆಟಿಸ್‌ನಲ್ಲಿ ಹೊಳೆಗುಂಟ ಇಳಿದ, ಚರ್ಮ ಹೊದಿಸಿದ ದುಂಡು ದೋಣಿಗಳ ಚೌಕಟ್ಟನ್ನು ಬಾಬಿಲೋನಿನಲ್ಲೇ ಮಾರಿ, ಚರ್ಮವನ್ನಷ್ಟೇ ಕತ್ತೆಯ ಮೇಲೆ ಹೇರಿಕೊಂಡು ಮರಳುತ್ತಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಸೆಳವಿಗೆ ಎದುರಾಗಿ ಹುಟ್ಟು ಹಾಕಲಾರದೆ ನಮ್ಮ ಅಂಬಿಗರೂ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಂಡೆಗುಂಟ ನಡೆಯುತ್ತಾರೆ.

ಹಾಗಾದರೆ ಬಾರ್ಜ್ ನಮ್ಮ ಹೊಳೆಗೂ ಬಂದೀತೆ? 2016ರ ಕಾಯ್ದೆಯಲ್ಲಿ ದೇಶದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿ ಇದೆ. ಇಂಡಿ, ಸಿಂದಗಿಗಳನ್ನು ಸವರಿ ಹರಿಯುವ ಭೀಮೆಯ ಕೆಳಹರಿವೂ ಅದರಲ್ಲುಂಟು, ಸಂಖ್ಯೆ 21. ಒಡಲನ್ನು ಎಲ್ಲಿಂದ ಬೇಕಾದರೂ ಹೊತ್ತು ತರಬಹುದು. ತೇಲಿಸಲು ವರ್ಷವಿಡೀ ನೀರು ಬೇಕು, ಭೀಮೆಯಲ್ಲಿ ಬೇಸಿಗೆಗೆ ಅದೇ ಇರುವುದಿಲ್ಲ.